ಎಂಟು ಗೇಣಿನ ಮೇಜು

“ಅಮ್ಮಾ, ಕುಮುದಾ ಅಜ್ಜಿ ಕಂಪ್ಯೂಟರ್ ಯಾಕೆ ದೇವರ ಜೊತೆ ಇದೆ?”

ನಿಧಿ ಕೇಳಿದ್ದು ಕಾರಿನ ಹಿಂದಿನ ಸೀಟಿನಲ್ಲಿ, ನನ್ನ ಕೈಲಿ ಬೆಲ್ಟು ಹಾಕಿಸಿಕೊಳ್ಳುತ್ತಾ. ಅವಳಿಗೆ ಆರು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಹೆಚ್ಚಾಗಿ ಇಂಗ್ಲಿಷ್. ನಾನು ಫೋನ್ ಬದಿಗಿಟ್ಟು ಕೇಳಿಸಿಕೊಳ್ಳಲೇಬೇಕಾದ ಪ್ರಶ್ನೆಗಳನ್ನು ಮಾತ್ರ ಕನ್ನಡದಲ್ಲಿ ಕೇಳುತ್ತಾಳೆ. ಈ ಉಪಾಯ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ಕೆಲಸವಂತೂ ಆಗುತ್ತದೆ.

“ಯಾವ ಕಂಪ್ಯೂಟರ್ ಪುಟ್ಟಿ?”

“ಗಾಡ್ಸ್ ಕ್ಲಾಸೆಟ್‌ನಲ್ಲಿ. ಆ ರೆಡ್ ಬಟ್ಟೆ ಕೆಳಗೆ. ಐ ಪೀಕ್ಡ್.”

ಸ್ಟೀರಿಂಗ್ ಮೇಲೆ ಕೈಯಿಟ್ಟಿದ್ದ ನನ್ನ ಗಂಡ ಸಂಗಮೇಶ್ ಹಾಗೇ ಹಿಂದಕ್ಕೆ ತಿರುಗಿದ. “ದೇವರ ಮನ್ಯಾಗ ಸೆಟಪ್ ಐತೇನು? ಏಳು ವರ್ಷ ಆತು, ನಮಗ ಒಂದ್ ಮಾತು ಹೇಳಿಲ್ಲ ನೋಡು ಆಂಟಿ! ಮಾನಿಟರ್ ಎಷ್ಟ್ ಇಂಚಿಂದಿತ್ತು ನಿಧಿ?”

“ಸ್ಮಾಲ್,” ಎಂದಳು ನಿಧಿ. “ಗಾಡ್ ಈಸ್ ಬಿಗರ್.”

ಆ ದೇವರ ಮನೆಯನ್ನು ನಾನು ಎಷ್ಟು ಸಲ ನೋಡಿಲ್ಲ! ದೇವರ ಮನೆ ಎಂದರೆ ಮಲಗುವ ಕೋಣೆಗೆ ಸೇರಿಕೊಂಡ ಬಟ್ಟೆಯ ಕ್ಲಾಸೆಟ್. ಇಲ್ಲಿ ನಮ್ಮವರ ಅರ್ಧ ಮನೆಗಳಲ್ಲಿ ದೇವರ ವಾಸ ಹಾಗೆಯೇ, ಕ್ಲಾಸೆಟ್‌ನಲ್ಲಿ ಇಲ್ಲವೇ ಅಡುಗೆಮನೆಯ ಪ್ಯಾಂಟ್ರಿಯಲ್ಲಿ. ಬಾಗಿಲ ಹೊರಗೆ ನಿಂತು ಆರತಿ ತೆಗೆದುಕೊಳ್ಳುವಾಗ, ಪೀಠದ ಪಕ್ಕ ಹಲಗೆಯ ಮೇಲೆ ಏನೋ ಒಂದು ಕೆಂಪು ಖಣ ಹೊದ್ದು ನಿಂತಿರುತ್ತಿತ್ತು. ದೊಡ್ಡ ಪಟವಿರಬೇಕು, ಶ್ರಾವಣದಲ್ಲಿ ಮಾತ್ರ ಬಟ್ಟೆ ತೆಗೆಯುತ್ತಾರೇನೋ ಎಂದುಕೊಂಡಿದ್ದೆ. ಇನ್ನೊಬ್ಬರ ದೇವರ ಮನೆಯಲ್ಲಿ ಇದೇನು ಅದೇನು ಎಂದು ಕೇಳುವುದು ನನಗೆ ಬರುವುದಿಲ್ಲ. ಮಗುವಿಗೆ ಬರುತ್ತದೆ.

ಆವತ್ತು ಶನಿವಾರ ನಾವು ಊರು ಸುತ್ತಿದ್ದೇ ಮೇಜು ನೋಡಲು. ನಾವಿರುವ ಊರು ಕಾಪೆಲ್‌ನ ಕನ್ನಡದವರ ಗುಂಪಿನಲ್ಲಿ ಆಯುಧಪೂಜೆ ಎಂದರೆ ಅದೇ. ಕೊರೊನಾ ವರ್ಷ ಎಲ್ಲರೂ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದಾಗ ಸಂಗಮೇಶ್ ವಾಟ್ಸಾಪ್‌ನಲ್ಲಿ ಬರೆದಿದ್ದ: “ಕಾರು ಗ್ಯಾರೇಜಿನಾಗ ಮಲಗೈತಿ. ಅನ್ನ ಹಾಕಾಕತ್ತಿದ್ದು ಮೇಜು. ಈ ಸಲ ಪೂಜಾ ಮೇಜಿಗೆ.” ಜೊತೆಗೆ ಚೆಂಡುಹೂವಿನ ಮಾಲೆ ಹಾಕಿದ ತನ್ನ ಮೇಜಿನ ಫೋಟೊ. ಸಂಜೆಯೊಳಗೆ ಆಸ್ಟಿನ್‌ನಿಂದ, ಹ್ಯೂಸ್ಟನ್‌ನಿಂದ ಗೆಳೆಯರ ಮೇಜುಗಳೆಲ್ಲ ಬಂದು ಬಿದ್ದವು. ಯಾರದು ಎಷ್ಟು ಪರದೆ, ಯಾರ ಕುರ್ಚಿ ಬೆನ್ನಿಗೆ ಒಳ್ಳೆಯದು, ವೈರುಗಳನ್ನು ಯಾರು ಕಾಣದ ಹಾಗೆ ಕಟ್ಟಿದ್ದಾರೆ ಎಂದು ಚರ್ಚೆಯೋ ಚರ್ಚೆ. ಮರುವರ್ಷ ಬಾಗಿಲುಗಳು ತೆರೆದ ಮೇಲೆ, ಗೊಂಬೆ ನೋಡಲು ಹೋದ ಹಾಗೆ ಮನೆಮನೆಗೆ ಹೋಗಿ ಮೇಜು ನೋಡುವುದು ಶುರುವಾಯಿತು. ಹೆಂಗಸರಿಗೆ ಅರಿಸಿನ ಕುಂಕುಮ, ಮಕ್ಕಳಿಗೆ ಚಾಕಲೇಟು, ಗಂಡಸರಿಗೆ ಒಬ್ಬರ ಕೀಬೋರ್ಡನ್ನು ಇನ್ನೊಬ್ಬರು ಕುಟ್ಟಿ ನೋಡುವ ಸಂಭ್ರಮ. ನಾನೂ ಅದೇ ಕಂಪ್ಯೂಟರ್ ಕೆಲಸದವಳೇ. ಆದರೆ ನನ್ನ ಮೇಜು ಊಟದ ಟೇಬಲ್ಲಿನ ಒಂದು ತುದಿ, ಅದರ ಫೋಟೊ ಯಾರೂ ಕೇಳುವುದಿಲ್ಲ.

ಈ ಸಲ ಗೆಳೆಯ ಚಿದಾನಂದ್ ಮನೆಯಲ್ಲಿ ಗುಂಡಿ ಒತ್ತಿದರೆ ಏರಿ ಇಳಿಯುವ ಹೊಸ ಮೇಜು. ಕಾರಿನ ಗಾಲಿಗೆ ನಿಂಬೆಹಣ್ಣು ಇಡುವ ಹಾಗೆ ಇದಕ್ಕೂ ಇಡಬೇಕಲ್ಲ ಎಂದು ಸ್ಟೂಲಿನ ಮೇಲೆ ಒಂದು ಹಣ್ಣಿಟ್ಟು, ಅದರ ಮೇಲೆ ಮೇಜನ್ನು ಇಳಿಸಿದರು. ಮೇಜು ಬಂತು, ಹಣ್ಣಿಗೆ ತಾಗಿತು, ಏನೋ ಅಡ್ಡ ಇದೆಯೆಂದು ಗೊತ್ತಾಗಿ ಮೇಲಕ್ಕೆ ಹೋಯಿತು. ಮತ್ತೆ ಇಳಿಸಿದರು, ಮತ್ತೆ ಹೋಯಿತು.

“ನಿಂಬಿಹಣ್ಣಿಗೆ ಅಂಜತೈತಲ್ಲೋ ನಿನ್ನ ಮೇಜು!” ಎಂದು ಸಂಗಮೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ.

“ನಿನ್ನ ಮಾನಿಟರ್‌ಗಿಂತ ವಾಸಿ ಬಿಡಪ್ಪ,” ಎಂದರು ಚಿದಾನಂದ್. ಹೋದ ವರ್ಷ ಸಂಗಮೇಶ್ ತನ್ನ ಹೊಸ ಮಾನಿಟರ್‌ನ ನಡುಮಧ್ಯೆ ಭಕ್ತಿಯಿಂದ ಒದ್ದೆ ವಿಭೂತಿಯ ಮೂರು ಗೆರೆ ಎಳೆದಿದ್ದ. ಎಷ್ಟು ಒರೆಸಿದರೂ ಪೂರ್ತಿ ಹೋಗಲಿಲ್ಲ. ಈಗಲೂ ಪರದೆಯ ಮೇಲೆ ಬಿಳಿ ಹಾಳೆ ತೆರೆದರೆ ಹಿಂದಿನಿಂದ ಶಿವ ಇಣುಕುತ್ತಾನೆ.

ಸುತ್ತಾಟದ ಕೊನೆಯ ಮನೆ ಯಾವತ್ತೂ ಕುಮುದಾ ಆಂಟಿಯದು. “ನಮ್ಮನೇಲಿ ನೋಡೋಕೆ ಏನೂ ಇಲ್ಲ, ತಿನ್ನೋಕೆ ಬನ್ನಿ,” ಎನ್ನುತ್ತಿದ್ದರು. ಕಡಲೆಕಾಳಿನ ಉಸಲಿ, ಫಿಲ್ಟರ್ ಕಾಫಿ. ಅವರೂ ಮನೆಯಿಂದಲೇ ಕೆಲಸ ಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ಎಲ್ಲಿ ಕೂತು ಮಾಡುತ್ತಾರೆಂದು ಕೇಳಿದವರಿಲ್ಲ. ಮೇಜಿನ ಮಾತು ಬಂದಾಗ ಅವರ ಗಂಡ ರಾಮಮೂರ್ತಿ ಅಂಕಲ್ ತಮ್ಮ ಪೇಪರ್ ಓದುವ ಟೀಪಾಯಿ ತೋರಿಸಿ, “ನಂದು ಇದು. ವೈರೇ ಇಲ್ಲ ನೋಡಿ,” ಎಂದು ನಗಿಸಿಬಿಡುತ್ತಿದ್ದರು.

ಕುಮುದಾ ಆಂಟಿಗೆ ಐವತ್ತೇಳು. ಮೈಸೂರಿನವರು. ಕನ್ನಡಕ ಸದಾ ತಲೆಯ ಮೇಲೆ, ಅದನ್ನು ಹುಡುಕುವುದು ಸದಾ ಸೋಫಾದ ಸಂದಿಯಲ್ಲಿ. ಖಾಲಿಯಾದ ಮೊಸರಿನ ಡಬ್ಬ ಎಸೆಯುವುದಿಲ್ಲ. ಆದರೆ ನೀವು ಕೊಟ್ಟ ಡಬ್ಬ ಖಾಲಿ ಹಿಂತಿರುಗಿಸುವುದೂ ಇಲ್ಲ. ಒಂದು ವಿಮಾ ಕಂಪನಿಯ ಹಳೆಯ ಪ್ರೋಗ್ರಾಮುಗಳನ್ನು ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ನೋಡಿಕೊಂಡು ಬಂದಿದ್ದಾರೆ. “ನಾನು ಬಾಣಂತನ ಮಾಡೋ ಅಜ್ಜಿ ಇದ್ದ ಹಾಗೆ ಕಣೇ ಅನಘಾ, ಹೊಸದೇನೂ ಹೆರಲ್ಲ, ಹೆತ್ತಿದ್ದನ್ನ ಸಾಯದೆ ಇರೋ ಹಾಗೆ ನೋಡ್ಕೊತೀನಿ,” ಎಂದು ತಮ್ಮ ಕೆಲಸವನ್ನು ವರ್ಣಿಸಿದ್ದರು. ನಿಜವಾದ ಬಾಣಂತನವನ್ನೂ ಮಾಡಿದವರೇ. ನಿಧಿ ಹುಟ್ಟಿದಾಗ ನನ್ನ ಅಮ್ಮನಿಗೆ ವೀಸಾ ಸಿಗಲಿಲ್ಲ. ಆಗಿನ್ನೂ ಪರಿಚಯ ಹೊಸದು. ಆದರೂ ಪ್ರತಿ ಬೆಳಿಗ್ಗೆ ಬಂದು, ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹಾಕಿ, ಸೊಂಟಕ್ಕೆ ಸೆರಗು ಸಿಕ್ಕಿಸಿದ ಹಾಗೆಯೇ ಓಡುತ್ತಿದ್ದರು: “ಹೊರಟೆ ಕಣೇ, ಒಂಬತ್ತಕ್ಕೆ ಒಳಗೆ ಕೂರಬೇಕು.” ಆ ‘ಒಳಗೆ’ ಎಂದರೆ ಎಲ್ಲಿ ಎಂದು ನನಗೆ ಹೊಳೆದದ್ದು ಈ ಶನಿವಾರ, ಕಾರಿನಲ್ಲಿ.

ಆ ಮನೆ ಈಗ ಮಾರಾಟವಾಗಿದೆ. ಮಗ ಸುಧೀಂದ್ರ ಇರುವುದು ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ. ಸೊಸೆ ಅನನ್ಯಾಗೆ ಜನವರಿಯಲ್ಲಿ ಹೆರಿಗೆ. ಇವರಿಬ್ಬರೂ ಈ ತಿಂಗಳ ಕೊನೆಗೆ ಅಲ್ಲಿಗೇ ಶಿಫ್ಟ್ ಆಗುತ್ತಿದ್ದಾರೆ. ಆಂಟಿಯ ಕೆಲಸ ಇನ್ನೂ ಎರಡು ಮೂರು ವರ್ಷ ಇದೆ, ಅದೂ ಅಲ್ಲಿಂದಲೇ.

ಶನಿವಾರ ಉಸಲಿ ತಿನ್ನುತ್ತಿರುವಾಗಲೇ ಸುಧೀಂದ್ರನ ವಿಡಿಯೊ ಕಾಲ್ ಬಂತು. ರಾಮಮೂರ್ತಿ ಅಂಕಲ್ ಅದನ್ನು ಟಿವಿಗೆ ಹಾಕಿದರು.

“ಎಲ್ಲರೂ ಇದ್ದೀರಾ? ಹಾಗಾದ್ರೆ ನೋಡಿ. ಅಮ್ಮನ ಹೊಸ ಆಫೀಸು!” ಎಂದು ಅವನು ಫೋನ್ ತಿರುಗಿಸಿದ.

ಮುಂಬಾಗಿಲ ಪಕ್ಕದಲ್ಲೇ ದೊಡ್ಡ ಸ್ಟಡಿ ರೂಮು. ಎರಡು ರೆಕ್ಕೆಯ ಗಾಜಿನ ಬಾಗಿಲು. ಮೂಲೆಗೆ ಹೊಂದಿಸಿದ ವಿಶಾಲ ಮೇಜು, ಬಿಲ್ಲಿನ ಹಾಗೆ ಬಾಗಿದ ಪರದೆ, ತೋಳಿನ ಮೇಲೆ ನಿಂತ ಮೈಕು, ಮೇಜಿನ ಅಂಚಿನ ಕೆಳಗೆ ಬಣ್ಣ ಬದಲಿಸುವ ದೀಪ. ಅನನ್ಯಾ ಕುರ್ಚಿಯಲ್ಲಿ ಕೂತು ಒಂದು ಸುತ್ತು ಸುತ್ತಿ ತೋರಿಸಿದಳು. ನಮ್ಮ ಗಂಡಸರೆಲ್ಲ ತಟ್ಟೆ ಹಿಡಿದುಕೊಂಡೇ ಎದ್ದು ಟಿವಿಯ ಹತ್ತಿರ ಹೋದರು.

“ಮಸ್ತ್ ಮಾಡೀಯಪ್ಪಾ ಸುಧೀ! ವೈರ್ ಎಲ್ಲಿ ಹಾಯಿಸೀದಿ?” ಎಂದು ಸಂಗಮೇಶ್ ಕೂಗಿದ. “ಮುಂದಿನ ಶನಿವಾರ ಬಂದ್ ನೋಡಿಬಿಡ್ತೀವಿ ನಾವು.”

“ಬನ್ನಿ ಬನ್ನಿ. ಅಮ್ಮಾ, ಹೇಗಿದೆ?”

“ತುಂಬಾ ಚೆನ್ನಾಗಿದೆ ಕಂದ,” ಎಂದರು ಆಂಟಿ. “ಎಷ್ಟು ಕಷ್ಟಪಟ್ಟಿದ್ದೀಯ.”

“ಇನ್ನಾದರೂ ಆ ಹಳೇ ಹಲಗೆ ಬಿಡಮ್ಮ. ತರಬೇಡ ಪ್ಲೀಸ್. ಗುರುವಾರ ಹಳೇ ಸಾಮಾನು ಒಯ್ಯೋ ಬಲ್ಕ್ ಪಿಕಪ್ ಗಾಡಿ ಬರತ್ತಲ್ಲ, ಹೊರಗೆ ಇಟ್ಟುಬಿಡು.”

ಆಂಟಿ ನಗುತ್ತಲೇ ಇದ್ದರು. ನಗುತ್ತಲೇ ಎಲ್ಲರ ತಟ್ಟೆಗೂ ಇನ್ನೊಂದು ಸೌಟು ಉಸಲಿ ಹಾಕಿದರು, ಬೇಡ ಎಂದವರಿಗೂ. ಬಳಿಕ ತಾವೇ ಎರಡು ಸಲ ಹಾಕಿದ್ದು ನೆನಪಾಗದೆ ನನ್ನ ತಟ್ಟೆಗೆ ಮೂರನೇ ಸಲ ಹಾಕಲು ಬಂದರು. ಏನೋ ಸರಿಯಿಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಯಾವ ಹಲಗೆ ಎಂದು ಮಾತ್ರ ಗೊತ್ತಾಗಲಿಲ್ಲ.

ಭಾನುವಾರ ಮಧ್ಯಾಹ್ನ ಖಾಲಿ ಡಬ್ಬಗಳು, ಟೇಪು, ಗುಳ್ಳೆ ಪ್ಲಾಸ್ಟಿಕ್ಕಿನ ಸುರುಳಿ ಹೊತ್ತುಕೊಂಡು ಸಾಮಾನು ಕಟ್ಟಲು ಸಹಾಯಕ್ಕೆಂದು ಹೋದೆ. ನಿಧಿಯನ್ನೂ ಕರೆದುಕೊಂಡು ಹೋದೆ. ಪ್ರಶ್ನೆ ಅವಳದು, ಉತ್ತರವೂ ಅವಳ ಎದುರಿಗೇ ಆಗಲಿ ಎಂದು. ಮಲಗುವ ಕೋಣೆಯಲ್ಲಿ ರಾಮಮೂರ್ತಿ ಅಂಕಲ್ ಸ್ಕ್ರೂಡ್ರೈವರ್ ಹಿಡಿದು ಮಂಚದ ಮೇಲೆ ಕೂತಿದ್ದರು.

“ಬಾಮ್ಮ ಅನಘಾ. ಬೆಳಗ್ಗೆಯಿಂದ ಹೀಗೇ ಕೂತಿದ್ದೀನಿ, ಆಪರೇಷನ್ ಥಿಯೇಟರ್ ಹೊರಗೆ ಡಾಕ್ಟ್ರು ಕೂತ ಹಾಗೆ. ಪೇಷೆಂಟನ್ನ ಮುಟ್ಟೋಕೆ ಬಿಡ್ತಿಲ್ಲ ನಿಮ್ಮ ಆಂಟಿ.”

“ನಾಳೆ ಕೆಲಸ ಇದೆ ನಂಗೆ. ಬಿಚ್ಚಿಹಾಕಿದರೆ ನಿಮ್ಮ ಟೀಪಾಯಿ ಮೇಲೆ ಕೂರಲಾ?” ಎಂದು ಕ್ಲಾಸೆಟ್‌ನ ಒಳಗಿನಿಂದ ಆಂಟಿಯ ದನಿ.

ನಿಧಿ ನೆಟ್ಟಗೆ ಬಾಗಿಲ ಬಳಿ ಹೋಗಿ ಕೇಳಿಯೇಬಿಟ್ಟಳು, ಅದೇ ಪ್ರಶ್ನೆ, ಕನ್ನಡದಲ್ಲೇ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆಂಟಿ ತಲೆಯ ಮೇಲಿನ ಕನ್ನಡಕ ಮೂಗಿಗೆ ಇಳಿಸಿ ಅವಳನ್ನು ನೋಡಿದರು.

“ಬಟ್ಟೆ ಎತ್ತಿ ನೋಡಿದ್ದು ನೀನೇನಾ? ಖಣದ ಮಡಿಕೆ ಬೇರೆ ಥರ ಆಗಿತ್ತು. ಸಾಕ್ಸ್ ತೆಗಿ, ಬಾ ಒಳಗೆ. ನಿಮ್ಮಮ್ಮನ್ನೂ ಕರಿ.”

ಒಳಗೆ ಮೂವರು ನಿಂತರೆ ತುಂಬಿತು. ಗೋಡೆಯಿಂದ ಗೋಡೆಗೆ ಒಂದು ಹಲಗೆ. ಎಡಗಡೆ ಸಣ್ಣ ಪೀಠದ ಮೇಲೆ ಕೃಷ್ಣ, ರಾಯರ ಪಟ, ಬೆಳ್ಳಿಯ ದೀಪ. ಬಲಗಡೆ ನಿಧಿ ಹೇಳಿದ ಹಾಗೆ ದೇವರಿಗಿಂತ ಚಿಕ್ಕ ಮಾನಿಟರ್, ಕಂಪನಿಯ ಲ್ಯಾಪ್‌ಟಾಪ್, ಅಕ್ಷರ ಅರ್ಧ ಅಳಿಸಿಹೋದ ಕೀಬೋರ್ಡು, ಅದರ ಸಂದಿಯಲ್ಲಿ ಒಂದು ಹಳದಿ ಅಕ್ಷತೆ ಕಾಳು. ಬಟ್ಟೆ ತೂಗುಹಾಕುವ ಸರಳು ತಲೆಯ ಮೇಲೆ ಹಾಗೇ ಇತ್ತು. ಅದರಿಂದ ಒಂದು ಕಡೆ ಗಂಟೆ ತೂಗುತ್ತಿತ್ತು, ಇನ್ನೊಂದು ಕಡೆ ಹೆಡ್‌ಸೆಟ್. ಕರ್ಪೂರದ ವಾಸನೆ, ಬಿಸಿಯಾದ ಯಂತ್ರದ ವಾಸನೆ ಎರಡೂ ಸೇರಿ ಬೇರೆಲ್ಲೂ ನಾನು ಮೂಸಿರದ ಒಂದು ವಾಸನೆ. ಹೊರಗೆ ಕೋಣೆಯ ಚಾವಣಿಯಲ್ಲಿ ಹೊಗೆ ಅಲಾರ್ಮಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ಹಾಕಿದ್ದರು. ಅದು ಮಂಗಳಾರತಿಗೆ ಕೂಗದ ಹಾಗೆ ನಮ್ಮೆಲ್ಲರ ಮನೆಯಲ್ಲೂ ಇರುವ ಏರ್ಪಾಡು.

“ಭಕ್ತಿ ಗಿಕ್ತಿ ಏನೂ ಅಲ್ಲಮ್ಮ,” ಎಂದು ಆಂಟಿ ನಿಧಿಗೆ ಹೇಳತೊಡಗಿದರು. “ಜಾಗ ಇರ್ಲಿಲ್ಲ. ಅಷ್ಟೇ.”

ತೊಂಬತ್ತೆಂಟರ ಮಾತು. ಹತ್ತಿರದ ರಿಚರ್ಡ್‌ಸನ್‌ನಲ್ಲಿ ಒಂದೇ ಬೆಡ್‌ರೂಮಿನ ಬಾಡಿಗೆ ಮನೆ. ಅಂಕಲ್‌ಗೆ ಟೆಲಿಕಾಂ ಕಂಪನಿಯಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಸುಧೀಂದ್ರ ಒಂದು ವರ್ಷದ ಕೂಸು, ಅಪ್ಪನ ಪಕ್ಕದಲ್ಲಿ ಮಲಗಿದರೆ ಮಾತ್ರ ನಿದ್ದೆ. ಹಾಲ್‌ನಲ್ಲಿ ಯಾವಾಗಲೂ ಯಾರಾದರೂ ಹೊಸದಾಗಿ ಬಂದಿಳಿದ ಹುಡುಗರು, ಮನೆ ಸಿಗುವ ತನಕ. ಆಂಟಿಯ ಕಂಪನಿ ಮನೆಯಿಂದಲೂ ಕೆಲಸ ನೋಡಬೇಕೆಂದು ಒಂದು ಕಂಪ್ಯೂಟರ್, ಒಂದು ಮೋಡೆಮ್ ಕೊಟ್ಟು ಕಳಿಸಿತು. ಅದನ್ನು ಎಲ್ಲಿಡುವುದು?

“ಬಾಗಿಲು ಹಾಕ್ಕೊಂಡು ಲೈಟ್ ಹಾಕೋಕಾಗೋದು ಅಂದ್ರೆ ಎರಡೇ ಜಾಗ. ಒಂದು ಬಚ್ಚಲು, ಇನ್ನೊಂದು ಆ ಮನೆ ಕ್ಲಾಸೆಟ್. ಕ್ಲಾಸೆಟ್‌ನಲ್ಲಿ ಆಗಲೇ ದೇವರಿದ್ದ. ಮಗು ಕೈಗೆ ಸಿಗಬಾರದು ಅಂತ ಇಟ್ಟಿದ್ದೆ. ಸ್ವಲ್ಪ ಸರಕೋಪ್ಪ ಅಂತ ಕೇಳ್ಕೊಂಡೆ. ಸರಕೊಂಡ.”

“ಸುಲಭಕ್ಕೆ ಸರೀಲಿಲ್ಲ,” ಎಂದರು ಹೊರಗಿನಿಂದ ಅಂಕಲ್. “ಕಂಪ್ಯೂಟರ್ ಫ್ಯಾನ್ ಗಾಳಿಗೆ ದೀಪ ಆರಿಹೋಗೋದು. ಈಯಮ್ಮ ಹಚ್ಚೋದು, ಅದು ಆರಿಸೋದು. ಆಮೇಲೆ ಪೆಟ್ಟಿಗೇನೇ ಗೋಡೆ ಕಡೆ ಮುಖ ಮಾಡಿ ಕೂರಿಸಿದ್ವಿ, ಹೋಮ್‌ವರ್ಕ್ ಮಾಡದೇ ಇರೋ ಹುಡುಗನ್ನ ಕೂರಿಸಿದ ಹಾಗೆ.”

“ಹಲಗೆ ಕಥೆ ನೀವೇ ಹೇಳ್ತೀರೋ, ನಾನು ಹೇಳ್ಲೋ?”

“ನೀನೇ ಹೇಳು. ನಾನು ಹೇಳಿದ್ರೆ ನಂದೇ ಸರಿ ಅಂತ ಆಗತ್ತೆ.”

ಮೇಜಿಗೆ ಒಂದು ಹಲಗೆ ಬೇಕಿತ್ತು. ಮನೆಯಲ್ಲಿ ಅಳೆಯುವ ಟೇಪ್ ಇರಲಿಲ್ಲ. ಆಂಟಿ ಕ್ಲಾಸೆಟ್‌ನ ಒಳಗೆ ಬಗ್ಗಿ ಗೋಡೆಯಿಂದ ಗೋಡೆಗೆ ಗೇಣು ಹಾಕಿದರು, ಸರಿಯಾಗಿ ಎಂಟು. “ಎಂಟು ಗೇಣು ರೀ,” ಎಂದು ಹೇಳಿ ಕಳಿಸಿದರು. ಅಂಕಲ್ ರಾತ್ರಿ ಪಾಳಿ ಮುಗಿಸಿ ಬಂದವರು ಹಾಗೇ ನಿದ್ದೆಗಣ್ಣಿನಲ್ಲಿ ಮರದ ಅಂಗಡಿಗೆ ಹೋಗಿ, ಹಲಗೆಯ ಮೇಲೆ ತಮ್ಮ ಕೈ ಚಾಚಿ ಎಂಟು ಗೇಣು ಅಳೆದು, ಇಲ್ಲಿಗೆ ಕೊಯ್ಯಿರಿ ಎಂದು ಗೆರೆ ಎಳೆದುಕೊಟ್ಟರು. ಬಸ್ಸಿನಲ್ಲಿ ಹೊತ್ತು ತಂದರು. ಹಲಗೆ ಒಳಗೆ ಹೋಗಲೇ ಇಲ್ಲ.

“ನಿಮ್ಮ ಅಂಕಲ್ ಕೈ ನೋಡು, ಮುಚ್ಚಳದಷ್ಟಿದೆ. ನನ್ನ ಕೈ ನೋಡು. ಎಂಟು ಗೇಣಂದ್ರೆ ಯಾರ ಗೇಣು ಅಂತ ಕೇಳೋ ಬುದ್ಧಿ ಬೇಡ್ವಾ?”

“ಯಾರ ಗೇಣು ಅಂತ ಹೇಳೋ ಬುದ್ಧಿ?” ಎಂದರು ಅಂಕಲ್.

ಇಪ್ಪತ್ತಾರು ವರ್ಷದಿಂದ ತೀರ್ಮಾನವಾಗದ ಮೊಕದ್ದಮೆ ಅದು. ಕೊನೆಗೆ ಕೆಳಗಿನ ಮನೆಯವರಿಂದ ಗರಗಸ ಕೇಳಿ ತಂದು ಹೆಚ್ಚಾದ ತುಂಡನ್ನು ಕೊಯ್ದರು. ಆ ತುಂಡು ಎಸೆಯಲು ಆಂಟಿಗೆ ಮನಸ್ಸಾಗಲಿಲ್ಲ. ಎರಡು ಇಟ್ಟಿಗೆಯ ಮೇಲೆ ಅದನ್ನಿಟ್ಟು ದೇವರ ಪೀಠ ಮಾಡಿದರು. ನಾನು ಬಗ್ಗಿ ನೋಡಿದೆ. ಹೌದು, ಪೀಠದ ಮರದ ಗೆರೆಗಳು ಹಲಗೆಯ ಗೆರೆಗಳಿಗೆ ಸರಿಯಾಗಿ ಕೂಡುತ್ತಿದ್ದವು, ಒಂದು ಸೀರೆಯ ಸೆರಗು ಒಡಲಿಗೆ ಕೂಡುವ ಹಾಗೆ.

ಎರಡು ಸಾವಿರದ ಒಂದರಲ್ಲಿ ರಿಚರ್ಡ್‌ಸನ್‌ನ ಟೆಲಿಕಾಂ ಕಂಪನಿಗಳಲ್ಲಿ ಜನರನ್ನು ತೆಗೆದಾಗ ಅಂಕಲ್ ಕೆಲಸವೂ ಹೋಯಿತು. ಮನೆ ನಡೆದದ್ದು ಈ ಹಲಗೆಯ ಮೇಲೆ. ಅಂಕಲ್ ಬಾಗಿಲನ್ನು ಒಂದು ಲೋಟ ಹಿಡಿಸುವಷ್ಟೇ ತೆರೆದು ಕಾಫಿ ಕೊಡುತ್ತಿದ್ದರಂತೆ, ಒಳಗೆ ಮಾತಾಡದೆ. 

“ಕಾಪೆಲ್‌ಗೆ ಮನೆ ನೋಡೋಕೆ ಬಂದ್ವಲ್ಲ, ನಾನು ಅಡುಗೆಮನೆ ನೋಡ್ಲಿಲ್ಲ ಕಣೇ. ಸೀದಾ ಕ್ಲಾಸೆಟ್‌ಗೆ ಹೋಗಿ ಗೋಡೆಗೆ ಗೇಣು ಹಾಕ್ತಿದ್ದೆ. ಮನೆ ತೋರಿಸೋ ಆಯಮ್ಮ ಇದೇನೋ ನಮ್ಮ ಧರ್ಮದ ಪದ್ಧತಿ ಅಂದ್ಕೊಂಡು ಪಾಪ ಕೈ ಕಟ್ಕೊಂಡು ನಿಂತಿರೋಳು. ಆರನೇ ಮನೇಲಿ ಎಂಟು ಬಂತು. ಇದೇ ಇರಲಿ ಅಂದೆ.”

“ಸ್ಟಡಿ ರೂಮ್ ಇತ್ತಲ್ಲ ಆಂಟಿ, ಮುಂದೆ?”

“ಇತ್ತು. ಒಂದು ವಾರ ಕೂತೆ. ಆಗಲಿಲ್ಲ. ಎರಡು ಕಡೆ ಮೊಣಕೈಗೆ ಗೋಡೆ ಸಿಗಬೇಕು ನಂಗೆ. ಬಾಗಿಲು ಹಾಕಿದ್ರೆ ನಾನು ಯಾರಿಗೂ ಕಾಣಬಾರದು. ಕಾಣಿಸ್ಕೊಂಡ್ರೆ ಉಪ್ಪು ಎಲ್ಲಿ, ರಿಮೋಟ್ ಎಲ್ಲಿ, ಬ್ಯಾಟರಿ ಎಲ್ಲಿ. ನಿಂಗೆ ಗೊತ್ತಲ್ಲ?”

ಊಟದ ಟೇಬಲ್ಲಿನ ತುದಿ ನೆನಪಾಗಿ ನಾನು ಜೋರಾಗಿ ತಲೆಯಾಡಿಸಿದೆ.

“ಬಾಗಿಲು ಹಾಕಿದ್ರೆ ಸುಧೀ ಅಳ್ತಾ ಇರ್ಲಿಲ್ವಾ, ಸಣ್ಣವನಿದ್ದಾಗ?”

ಆಂಟಿ ಕೀಬೋರ್ಡಿನ ಸಂದಿಯ ಅಕ್ಷತೆಯನ್ನು ಉಗುರಿನಿಂದ ಎತ್ತಿದರು.

“ಫೋನ್ ವೈರ್ ಒಳಗೆ ಬರಬೇಕು ಅಂತ ಬಾಗಿಲ ಕೆಳಗೆ ಒಂದಿಷ್ಟು ಸಂದಿ ಮಾಡಿಸಿದ್ವಿ. ನಿದ್ದೆಯಿಂದ ಎದ್ದ ತಕ್ಷಣ ಅಂಬೆಗಾಲಿಟ್ಕೊಂಡು ಬರೋನು. ಬಂದು ಆ ಸಂದಿಯಿಂದ ಬೆರಳು ಒಳಗೆ ಹಾಕೋನು, ನಾಲ್ಕು ಬೆರಳು. ನಾನು ಕಾಲ್‌ನಲ್ಲಿ ಇರ್ತಿದ್ದೆ. ಆ ಕಡೆಯವರು ಏನೋ ಕೇಳ್ತಿರೋರು, ನಾನು ಯೆಸ್ ಯೆಸ್ ಅಂತ ಹೇಳ್ತಾ ಕಾಲಿನ ಹೆಬ್ಬೆರಳು ಅವನ ಬೆರಳ ಮೇಲೆ ಇಡ್ತಿದ್ದೆ. ಅಷ್ಟೇ. ಸುಮ್ಮನಾಗೋನು. ನಗೋನು. ಇಡೀ ಮಧ್ಯಾಹ್ನ ಹಾಗೇ ಮಲ್ಕೊಂಡು ಇರೋನು, ಬಾಗಿಲ ಆಚೆ.”

ನಿಧಿಗೆ ಇಷ್ಟು ಸಾಕಾಯಿತು. ಹೊರಗೆ ಓಡಿಹೋಗಿ ಧಡ್ ಎಂದು ಬಾಗಿಲು ಹಾಕಿದಳು. ಕತ್ತಲಲ್ಲಿ ದೀಪವೊಂದೇ. ಈ ಬಾಗಿಲ ಕೆಳಗೂ ಇದ್ದ ಸಂದಿಯಿಂದ ನಾಲ್ಕು ಬೆರಳು ಬಂದವು, ಉಗುರಿಗೆ ನಿನ್ನೆ ಹಚ್ಚಿದ ನೇರಳೆ ಬಣ್ಣ. ಕುಮುದಾ ಆಂಟಿ ಗೋಡೆಗೆ ಒಂದು ಕೈ ಕೊಟ್ಟು, ಕಾಲುಂಗುರವಿದ್ದ ಬಲಗಾಲು ಮುಂದೆ ಚಾಚಿ, ಹೆಬ್ಬೆರಳನ್ನು ಮೆತ್ತಗೆ ಆ ಬೆರಳುಗಳ ಮೇಲಿಟ್ಟರು. ಆಚೆಯಿಂದ ಕಿಲಕಿಲ ನಗು.

“ಅವನಿಗೆ ಇದೊಂದೂ ನೆನಪಿಲ್ಲ,” ಎಂದರು. “ಹೇಗಿರತ್ತೆ? ಈಗ ನಂಗೆ ಅಂತ ಎಷ್ಟು ದೊಡ್ಡ ಮೇಜು ಮಾಡಿದ್ದಾನೆ ನೋಡು. ಎರಡು ವಾರಾಂತ್ಯ ಅದರ ಕೆಳಗೇ ಮಲ್ಕೊಂಡು ವೈರ್ ಕಟ್ಟಿದನಂತೆ. ನಾನು ಬೇಡ ಅಂದ್ರೆ ಅವನ ಮುಖ ಏನಾಗಬೇಕು? ಆದ್ರೆ ಗಾಜಿನ ಬಾಗಿಲು ಕಣೇ, ಅದೂ ಮುಂಬಾಗಿಲ ಪಕ್ಕ. ಬಂದೋರೆಲ್ಲ ಚಪ್ಪಲಿ ಬಿಡ್ತಾ ನನ್ನ ನೋಡ್ತಾರೆ. ಜನವರಿಯಿಂದ ಬಾಣಂತಿ ನೋಡೋಕೆ ಎಷ್ಟು ಜನ ಬರಲ್ಲ? ಶೋಕೇಸ್‌ನಲ್ಲಿ ಕೂರಿಸಿದ ಗೊಂಬೆ ಹಾಗೆ ನಾನು ಅಲ್ಲಿ ಕೂತು ಕೆಲಸ ಮಾಡಕ್ಕಾಗತ್ತಾ? ಮೊದಲ ವಾರವೇ ತಪ್ಪು ಮಾಡ್ತೀನಿ. ಇನ್ನೆರಡು ವರ್ಷ ಮರ್ಯಾದೆಯಿಂದ ಮುಗಿಸಿ ಎದ್ದು ಬರಬೇಕು ಅಂತ ಇತ್ತು.”

“ಅವನಿಗೇ ಹೇಳಿ ಆಂಟಿ.”

“ಏನಂತ ಹೇಳ್ಲಿ? ನಿನ್ನ ಮೇಜು ಬೇಡ, ನಂಗೊಂದು ಬಟ್ಟೆ ಇಡೋ ಗೂಡು ಕೊಡು ಅಂತಲಾ? ಸೊಸೆ ಮನೇಲಿ?”

ಹೊರಗಿನಿಂದ ಅಂಕಲ್ ಕೆಮ್ಮಿದರು. “ಗುರುವಾರ ಬೆಳಗ್ಗೆ ಆರಕ್ಕೆ ಗಾಡಿ ಬರತ್ತೆ. ಹಲಗೆ ಹೊರಗೆ ಇಡ್ಲೋ ಬೇಡ್ವೋ ಅದನ್ನ ಹೇಳಿಬಿಡು. ನಂಗೇನು, ಈ ಸ್ಕ್ರೂಗಳು ನಾನೇ ಹಾಕಿದ್ದು, ಬಿಚ್ಚೋಕೂ ಮನಸ್ಸಿಲ್ಲ.”

“ಇಡಬೇಡಿ. ಇದ್ದಲ್ಲೇ ಇರಲಿ. ಭಾನುವಾರದ ತನಕ.”

“ಭಾನುವಾರ ಏನಿದೆ?”

“ಏನೋ ಇದೆ. ನಿಧೀನ ಕರ್ಕೊಂಡು ಹೋಗಿ ಚಕ್ಕುಲಿ ಕೊಡಿ ಹೋಗಿ.”

ಅವರಿಬ್ಬರ ಹೆಜ್ಜೆ ದೂರವಾದ ಮೇಲೆ ಆಂಟಿ ನನ್ನ ಕಡೆ ತಿರುಗಿದರು. ಕನ್ನಡಕ ಮತ್ತೆ ತಲೆಗೆ ಏರಿತ್ತು.

“ಶನಿವಾರ ಸೈಪ್ರೆಸ್‌ಗೆ ಹೋಗ್ತಿದ್ದೀರಲ್ಲ, ಮೇಜು ನೋಡೋಕೆ?”

“ಹೂಂ ಆಂಟಿ. ಸಂಗಮೇಶ್ ಈಗಲೇ ಕಾರಿಗೆ ಪೆಟ್ರೋಲ್ ತುಂಬಿಸಿ ಇಟ್ಟಿದ್ದಾನೆ. ಬೆಳಗ್ಗೆ ಹೊರಟು ಸಂಜೆ ವಾಪಸು.”

“ಕೈ ಕೊಡು ಇಲ್ಲಿ.”

ಬಲಗೈ ಕೊಟ್ಟೆ. ಅದನ್ನು ಎತ್ತಿ ಹಿಡಿದು, ಅಂಗೈಗೆ ಅಂಗೈ ತಾಗಿಸಿ ಬೆರಳು ಅಗಲಿಸಿದರು. ನಿಧಿಗೆ ನೀರು ಹಾಕಿದ ಕೈ. ಹೆಬ್ಬೆರಳಿಗೆ ಹೆಬ್ಬೆರಳು, ಕಿರುಬೆರಳಿಗೆ ಕಿರುಬೆರಳು. ಒಂದು ಕೂದಲಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

“ಹಾಂ. ಬಾಣಂತನದಲ್ಲಿ ಎಣ್ಣೆ ಹಚ್ಚುವಾಗಲೇ ಅಂದ್ಕೊಂಡಿದ್ದೆ,” ಎಂದರು. ದನಿ ಇನ್ನಷ್ಟು ತಗ್ಗಿತು. “ಅವರ ಮನೇಲಿ ಮೆಟ್ಟಿಲ ಕೆಳಗೆ ಒಂದು ಕ್ಲಾಸೆಟ್ ಇದೆ. ಒಳಗೆ ಲೈಟ್ ಇದೆ, ಪ್ಲಗ್ ಇದೆ, ನೋಡಿದ್ದೀನಿ. ಮಗುವಿನ ರೂಮೂ ಅದರ ಪಕ್ಕಾನೇ. ಅನನ್ಯಾ ವ್ಯಾಕ್ಯೂಮು, ಶೂ ಡಬ್ಬ ಎಲ್ಲಾ ತುಂಬಿಸಿದ್ದಾಳೆ. ನಾನು ಹೋದಾಗೆಲ್ಲ ಅವಳು ಹಿಂದೆಯೇ ಇರ್ತಾಳೆ, ಏನು ಬೇಕು ಅತ್ತೆ ಏನು ಬೇಕು ಅತ್ತೆ ಅಂತ. ಒಳ್ಳೆ ಹುಡುಗಿ. ನೀನು ಹೋದಾಗ, ಗಂಡಸರೆಲ್ಲ ಮೇಜಿನ ಮುಂದೆ ನಿಂತಿರ್ತಾರಲ್ಲ, ಕೋಟ್ ಇಡೋಕೆ ಹೋದ ಹಾಗೆ ಹೋಗಿ ಗೋಡೆಯಿಂದ ಗೋಡೆಗೆ ಗೇಣು ಹಾಕಿಬಿಡು.”

“ಫೋನ್‌ನಲ್ಲೇ ಅಳೆಯಬಹುದು ಆಂಟಿ. ಇಲ್ಲಾ ಒಂದು ಟೇಪ್ ತಗೊಂಡು ಹೋಗ್ತೀನಿ.”

“ಟೇಪ್ ಕಂಡ್ರೆ ಅವಳು ಯಾಕೆ ಅಂತ ಕೇಳ್ತಾಳೆ. ಕೈಯಾದ್ರೆ ಗೋಡೆಗೆ ಆತುಕೊಂಡ ಹಾಗಿರತ್ತೆ. ಸಂಗಮೇಶನ ಕೈಲಿ ಮಾತ್ರ ಹಾಕಿಸಬೇಡ, ಒಬ್ಬ ಗಂಡಸು ಅಳೆದು ಆಗಿರೋದು ಸಾಕು.”

“ಎಂಟು ಬರದಿದ್ರೆ?”

ಆಂಟಿ ಹಲಗೆಯ ತುದಿಯನ್ನು ಸೆರಗಿನಿಂದ ಒಂದು ಸಲ ಒರೆಸಿದರು. ಮಾನಿಟರ್ ಮೇಲೆ ಕೆಂಪು ಖಣ ಎಳೆದು ಮಡಿಕೆ ಸರಿಮಾಡಿದರು.

“ಬರದಿದ್ರೆ ಆ ಗಾಜಿಗೆ ಒಂದು ಪರದೆ ಹೊಲ್ಕೊಂಡು ಸುಮ್ಮನಿರ್ತೀನಿ, ಅವನಿಗೆ ಏನೂ ಗೊತ್ತಾಗೋದು ಬೇಡ. ಎಂಟು ಬಂದ್ರೆ ಮಾತ್ರ ಫೋನ್ ಮಾಡು ಕಣಮ್ಮ. ಮಿಕ್ಕಿದ್ದು ನಾನೇ ಅವನ ಹತ್ರ ಮಾತಾಡ್ತೀನಿ.”